ಊಟದ ಕಲ್ಲು

14 ಸೆಪ್ಟೆಂಬರ್ 1999

ಹತ್ತನೇ ತರಗತಿಯ ವಿಜ್ಞಾನದ ನೋಟ್ಸು ಕಡೆಗೂ ಉಪಯೋಗಕ್ಕೆ ಬಂತು. ಬಲಗಡೆಯ ಹಾಳೆಗಳಲ್ಲಿ ಜಯದೇವಪ್ಪ ಮೇಷ್ಟ್ರು ಬರೆಸಿದ ಪ್ರಶ್ನೆ ಉತ್ತರ. ಎಡಗಡೆಯವು ಚಿತ್ರ ಬಿಡಿಸಲು ಬಿಟ್ಟವು, ಹೆಚ್ಚುಕಡಿಮೆ ಎಲ್ಲಾ ಖಾಲಿ. ನನಗೆ ಚಿತ್ರವೂ ಬರಲಿಲ್ಲ, ವಿಜ್ಞಾನವೂ ಬರಲಿಲ್ಲ. ಆರು ಅಂಕಕ್ಕೆ ಫೇಲಾಗಿ, ಆರು ತಿಂಗಳಿಗೆ ಮದುವೆಯಾಗಿ, ಮೊಳಕಾಲ್ಮೂರು ಕಡೆಯಿಂದ ತಳಕಿನ ಹತ್ತಿರದ ಈ ಗೊಲ್ಲರಹಟ್ಟಿಗೆ ಬಂದೆ. ಈಗ ಆ ಖಾಲಿ ಹಾಳೆಗಳಲ್ಲಿ ಬರೆಯುತ್ತೇನೆ. ಮಾತಾಡಲು ಯಾರಾದರೂ ಇದ್ದಿದ್ದರೆ ಬರೆಯುತ್ತಿರಲಿಲ್ಲ.

ಕೂಸು ಹುಟ್ಟಿ ಇವತ್ತಿಗೆ ಆರನೇ ದಿನ. ಹೆಣ್ಣು. ತಲೆ ತುಂಬ ಕೂದಲು, ಮೂಗಿನ ತುದಿಯಲ್ಲಿ ಕೋಪ. ಅವ್ವ ಇಲ್ಲದ ತವರಿಗೆ ಬಾಣಂತನಕ್ಕೆ ಹೋಗುವುದೆಲ್ಲಿಂದ ಬಂತು, ಇಲ್ಲೇ ಹೆತ್ತೆ. ಹೆರಿಗೆ ಮಾಡಿಸಿದ ಸೂಲಗಿತ್ತಿ ನಿನ್ನೆ ತನ್ನೂರಿಗೆ ಹೊರಟಳು. "ಎಲ್ಡು ತಿಂಗ್ಳು ಅಂದ್ರೆ ಎಷ್ಟು ಮಹಾ, ಕಣ್ ಮುಚ್ಚಿ ಬಿಡೋದ್ರಾಗೆ ಹೋಗ್ತೈತೆ" ಎಂದಳು. ಅವಳಿಗೇನು, ಮನೆಗೆ ಹೋಗುವವಳು.

ಈ ಗುಡ್ಲಿನಲ್ಲಿ ಕಾಲು ಚಾಚಿದರೆ ತಲೆ ಒಂದು ಗೋಡೆಗೆ, ಪಾದ ಇನ್ನೊಂದು ಗೋಡೆಗೆ. ನಿಂತರೆ ಮಾಡಿನ ಗರಿ ತಲೆಗೆ ತಾಗುತ್ತದೆ. ಬಾಗಿಲೆಂದರೆ ಒಂದು ಗೋಣಿತಾಟು. ಹೆತ್ತವಳು ಎರಡು ತಿಂಗಳು ಹಟ್ಟಿಯ ಮುಳ್ಳುಬೇಲಿಯ ಒಳಗೆ ಕಾಲಿಡುವಂತಿಲ್ಲ. ಒಳಗಿನವರು ನನ್ನ ಹತ್ತಿರ ಬರುವಂತಿಲ್ಲ. ನಡುವೆ ಊಟದ ಕಲ್ಲು ಇದೆ, ಮೊರದಷ್ಟು ಅಗಲದ ಚಪ್ಪಟೆ ಕಲ್ಲು. ಅತ್ತೆ ಅದರ ಮೇಲೆ ಊಟ ಇಟ್ಟು ಹಿಂದೆ ಸರಿದ ಮೇಲೆ ನಾನು ಹೋಗಿ ತೆಗೆದುಕೊಳ್ಳಬೇಕು. ಉಂಡು ತಟ್ಟೆ ತೊಳೆದು ಅದೇ ಕಲ್ಲಿನ ಮೇಲಿಟ್ಟು ಬಂದರೆ ಅತ್ತೆ ಅದಕ್ಕೆ ಆಕಳ ಗಂಜಲ ಚಿಮುಕಿಸಿ ಒಳಗೆ ಒಯ್ಯುತ್ತಾರೆ. ಕಲ್ಲಿನ ಮೇಲೆ ಗಂಜಲ ಬಿದ್ದರೆ ತಟ್ಟೆಗೆ ಸೂತಕ ಇಲ್ಲ. ಕಲ್ಲು ದಾಟಿ ನನ್ನ ಕಡೆ ಬಂದವರಿಗೆ ಮಾತ್ರ ನನ್ನದೇ ಗತಿ, ಅವರೂ ಬೇಲಿಯ ಹೊರಗೆ.

ಗುಡ್ಲಿನಿಂದ ಕಲ್ಲಿಗೆ ನಲವತ್ತು ಹೆಜ್ಜೆ. ಇವತ್ತು ಎಣಿಸಿದೆ. ಅಲ್ಲಿ ನಿಂತ ಅತ್ತೆಯ ಮುಖ ನನಗೆ ಕಾಣುವುದಿಲ್ಲ, ಸೀರೆಯ ಬಣ್ಣ ಮಾತ್ರ ಕಾಣುತ್ತದೆ.

ಓರಗಿತ್ತಿ ಪಾಲಮ್ಮಕ್ಕನ ಗಂಡು ಕೂಸು ನಾಲ್ಕು ವರ್ಷದ ಹಿಂದೆ ಇದೇ ಗುಡ್ಲಿನಲ್ಲಿ ಮೂವತ್ತನೇ ದಿನಕ್ಕೆ ಹೋಯಿತು. ನನಗೆ ಬೇರೆ ಏನೂ ಬೇಡ. ಅರವತ್ತು ದಿನ ಕಳೆದು, ಈ ಕೂಸನ್ನು ಜೀವಂತವಾಗಿ ಎತ್ತಿಕೊಂಡು ಆ ಬೇಲಿ ದಾಟಬೇಕು.

17 ಸೆಪ್ಟೆಂಬರ್

ಅತ್ತೆಯ ಹೆಸರು ಯರ್ರಮ್ಮ. ನಮ್ಮ ಮೊಳಕಾಲ್ಮೂರು ಕಡೆಯ ತೆಲುಗಿನಲ್ಲಿ ಯರ್ರ ಅಂದರೆ ಕೆಂಪು. ಹೆಸರಿಟ್ಟವರು ಕೋಪ ನೋಡಿಯೇ ಇಟ್ಟಿರಬೇಕು.

ಇವತ್ತು ಊಟ ತಂದವರು ಇಡಲಿಲ್ಲ. ಬಗ್ಗಿ ಕಲ್ಲು ಎತ್ತಿ ನೋಡಿ, "ಥೂ, ತಳಗೆಲ್ಲಾ ಇರುವೆ ಗೂಡು ಕಟ್ಟ್ಯಾವೆ. ಮುದ್ದೆಗೆ ಹತ್ತಿದ್ರೆ ನೀನೇ ನನ್ನ ಬೈತೀಯ" ಎಂದು ಕೂಗಿದರು. ಆಮೇಲೆ ಕಲ್ಲನ್ನು ಉರುಳಿಸಿ ಬೇರೆ ಜಾಗಕ್ಕೆ ಹಾಕಿ, ಬೆನ್ನು ಹಿಡಿದುಕೊಂಡು ನಿಂತರು. ಅರವತ್ತು ದಾಟಿದವರು, ಆ ಭಾರ ಒಬ್ಬರೇ ಎಳೆದರು. ಇರುವೆಯ ಮೇಲಿರುವ ಕಾಳಜಿ ಸೊಸೆಯ ಮೇಲಿದ್ದಿದ್ದರೆ ಒಂದು ಕಂಬಳಿ ಹೆಚ್ಚಿಗೆ ತರುತ್ತಿದ್ದರು. ಕೇಳಿದರೆ, "ಒಳಗಿನ ಕಂಬ್ಳಿ ಹೊರಗೆ ಬಂದ್ರೆ ತಿರುಗಿ ಒಳಗೆ ಬರಲ್ಲ, ಇರೋದ್ರಾಗೆ ಹೊದ್ಕೋ" ಎಂದರು.

21 ಸೆಪ್ಟೆಂಬರ್

ಇವರು ಬಂದಿದ್ದರು. ಗಂಡನ ಹೆಸರು ಬಾಯಲ್ಲಿ ಹೇಳಬಾರದು. ಬರೆಯಬಾರದು ಅಂತ ಯಾರೂ ಹೇಳಿಲ್ಲ. ಗಂಗರಾಜು. ಗಂಗರಾಜು. ಚಳ್ಳಕೆರೆಯ ಎಣ್ಣೆಮಿಲ್ಲಿನಲ್ಲಿ ಕಡಲೆಕಾಯಿ ಮೂಟೆ ಹೊರುವ ಗಂಗರಾಜು, ನೂರು ಕೆಜಿ ಚೀಲ ಬೆನ್ನಿಗೆ ಹಾಕಿಕೊಂಡು ಓಡುವ ಗಂಗರಾಜು, ಕಲ್ಲಿನಿಂದ ಹತ್ತು ಹೆಜ್ಜೆ ಆಚೆಯೇ ಮೈಯೆಲ್ಲಾ ಮುದುರಿಕೊಂಡು ನಿಂತಿದ್ದರು.

"ಕೂಸು ಯಾರಂಗೈತೆ?" ಎಂದು ಕೇಳಿದರು.

"ಬಂದು ನೋಡ್ರಿ" ಎಂದೆ.

"ಹುಚ್ಚಾ ನಿಂಗೆ? ಸೂತಕ ಹತ್ತಿದ್ರೆ ಮಿಲ್ಲಿಗೆ ಹೋಗೋದ್ ಹೆಂಗೆ, ಹಟ್ಟಿ ಯಜಮಾನ್ರಿಗೆ ಏನ್ ಹೇಳ್ಲಿ?"

ಕೂಸನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದೆ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ನಮ್ಮವ್ವನಂಗೈತೆ" ಎಂದರು. ಅಷ್ಟು ದೂರದಿಂದ ಕುರಿಮರಿ ತೋರಿಸಿದ್ದರೂ ಹಾಗೇ ಹೇಳುತ್ತಿದ್ದರು. ಮಿಲ್ಲಿನ ಕ್ಯಾಲೆಂಡರು ಒಂದು, ಬಿಸ್ಕತ್ತು ಎರಡು ಪೊಟ್ಟಣ ಕಲ್ಲಿನ ಮೇಲಿಟ್ಟು ಹೋದರು. ಕೋಪ ಬಂತು, ಅಳುವೂ ಬಂತು. ಬಿಸ್ಕತ್ತು ಮಾತ್ರ ಅರ್ಧ ಗಂಟೆಯೊಳಗೆ ಮುಗಿಸಿದೆ.

24 ಸೆಪ್ಟೆಂಬರ್

ಬರೆಯಲು ಏನೂ ಇಲ್ಲ. ಗಾಳಿ. ಗೋಣಿತಾಟು ಇಡೀ ದಿನ ಬಡಿಯಿತು.

29 ಸೆಪ್ಟೆಂಬರ್

ಎರಡು ದಿನ ಬಿಟ್ಟೂಬಿಡದೆ ಮಳೆ. ನಮ್ಮ ಕಡೆ ಮಳೆ ಬಂದರೆ ಹಬ್ಬ, ಆದರೆ ಗುಡ್ಲಿನಲ್ಲಿ ಹಬ್ಬ ಮಾಡಲು ಜಾಗವಿಲ್ಲ. ಒಂದು ಮೂಲೆ ಸೋರುತ್ತದೆ. ಕೂಸನ್ನು ಇನ್ನೊಂದು ಮೂಲೆಗೆ ಹಾಕಿ ನಾನು ನಡುವೆ ಕೂತೆ.

ಕಲ್ಲಿದ್ದ ಜಾಗದಲ್ಲಿ ನೀರು ನಿಂತಿದೆಯೆಂದು ಅತ್ತೆ ಮತ್ತೆ ಅದನ್ನು ಎಳೆದು ಈಚೆಯ ದಿಣ್ಣೆಗೆ ಹಾಕಿದರು. "ದಿನಾ ಓಡಾಡಿ ಮಂಡಿ ನೋವು ಕಣೇ, ಕೆಸರಾಗೆ ಆಗಲ್ಲ ನನ್ನ ಕೈಲಿ" ಎಂದರು. ಮಂಡಿ ನೋವಿದ್ದರೆ ಕಲ್ಲನ್ನು ತಮ್ಮ ಕಡೆಗೆ, ಬೇಲಿಯ ಹತ್ತಿರಕ್ಕೆ ಎಳೆದುಕೊಳ್ಳಬೇಕು ತಾನೆ? ಇವರು ಬೇಲಿಯಿಂದ ಇನ್ನೂ ದೂರ ಹಾಕಿಕೊಂಡು ಇನ್ನಷ್ಟು ನಡೆಯುತ್ತಾರೆ. ಅರವತ್ತಕ್ಕೆ ಅರಳು ಮರಳು ಅನ್ನುವುದು ಸುಳ್ಳಲ್ಲ. ಅವರ ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿದೆ, ಕಲ್ಲು ಬಿದ್ದಿರಬೇಕು. ನೋಡಿ ಒಳಗೊಳಗೇ ಸ್ವಲ್ಪ ಖುಷಿಯಾಯಿತು. ತಪ್ಪು, ಆದರೂ ಆಯಿತು.

ಕೂಸು ಮಲಗಿದಾಗ ಈ ಹಾಳೆಯ ಬಲಗಡೆ ಏನಿದೆ ಅಂತ ಓದಿದೆ. ಪ್ರಶ್ನೆ 14: ಹೊಸ ಬಗೆಯ ಜೀವಿಗಳು ಹೇಗೆ ಉಂಟಾಗುತ್ತವೆ? ಉತ್ತರ: ಹೊಸ ಜೀವಿಗಳು ಇದ್ದಕ್ಕಿದ್ದಂತೆ ಹುಟ್ಟುವುದಿಲ್ಲ. ಹಳೆಯ ಜೀವಿಗಳಲ್ಲಿಯೇ ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸಗಳು ತಲೆಮಾರಿನಿಂದ ತಲೆಮಾರಿಗೆ ಕೂಡುತ್ತಾ ಹೋಗುತ್ತವೆ. ಕೆಳಗೆ ಕೆಂಪು ಶಾಯಿಯಲ್ಲಿ ಮೇಷ್ಟ್ರ ಸಹಿ.

ಮೇಷ್ಟ್ರೇ, ಅಷ್ಟೆಲ್ಲಾ ತಲೆಮಾರು ಕಾಯಲು ನನ್ನಿಂದಾಗುವುದಿಲ್ಲ. ನನಗೆ ಉಳಿದಿರುವುದು ಮೂವತ್ತೊಂಬತ್ತು ದಿನ.

5 ಅಕ್ಟೋಬರ್

ಪಾಲಮ್ಮಕ್ಕ ಹೊರಗಾಗಿ ಮೂರು ದಿನಕ್ಕೆ ಇಲ್ಲಿಗೆ ಬಂದಿದ್ದಾಳೆ. ಮುಟ್ಟಾದವರೂ ಬೇಲಿಯ ಹೊರಗೇ ಇರಬೇಕು. ಹೊರಗಿನವಳು ಹೊರಗಿನವಳನ್ನು ಮುಟ್ಟಬಹುದು. ಪಾಪ, ಅವಳಿಗೆ ಹೊಟ್ಟೆನೋವು. ನನಗೆ ಮಾತ್ರ ಇವತ್ತು ದೀಪಾವಳಿ. ಮುಟ್ಟಲು ಒಬ್ಬಳು ಸಿಕ್ಕಿದ್ದಾಳೆ.

ಮೊದಲು ಅವಳು ಕೂಸನ್ನು ಎತ್ತಿಕೊಳ್ಳಲೇ ಇಲ್ಲ. ದೂರ ಕೂತು ಬೇಲಿಯ ಕಡೆ ನೋಡುತ್ತಾ ಏನೇನೋ ಮಾತಾಡಿದಳು.

"ಬೇಲಿಗೆ ಮೊದ್ಲು ಕಾರೆಮುಳ್ಳೇ ಆಗ್ಬೇಕಿತ್ತಂತೆ, ಅದು ದೇವ್ರ ಅಪ್ಪಣೆ ಅಂತ ಹಟ್ಟಿಗೆಲ್ಲಾ ಹಿರೇಳು ಕಾಟಮ್ಮಜ್ಜಿ ಹೇಳ್ತಿರ್ತೈತೆ. ಈಗ ಎಲ್ಲೈತೆ ಕಾರೆ? ಪೂರಾ ಬಳ್ಳಾರಿ ಜಾಲಿ."

"ದೇವ್ರು ಏನೂ ಅನ್ನಲಿಲ್ವಾ?"

"ಯಾರೂ ಕೇಳಿಲ್ಲ, ಅವ್ನೂ ಹೇಳಿಲ್ಲ."

ಇಬ್ಬರೂ ನಕ್ಕೆವು. ನಗು ಮುಗಿಯುವ ಮೊದಲೇ ಅವಳು ಕೈ ಚಾಚಿದಳು. ಕೂಸನ್ನು ಎದೆಗೆ ಒರಗಿಸಿ, ಅದರ ಬೆನ್ನಿಗೆ ಕಿವಿ ಇಟ್ಟು ಕೇಳಿದಳು. ಬಹಳ ಹೊತ್ತು ಕೇಳಿದಳು.

"ಚೆನ್ನಾಗೈತೆ. ನನ್ನ ಹುಡುಗಂದು ಹಿಂಗಿರ್ಲಿಲ್ಲ. ಗೊರ ಗೊರ ಅಂತಿತ್ತು. ಎದ್ದು ನಿಲ್ಲಾಕೆ ನಂಗೆ ತ್ರಾಣ ಇರ್ಲಿಲ್ಲ. ಅತ್ತೆ ಆ ಕಲ್ಲಿನ ತಾವ ನಿಂತು ಒಂದೇ ಸಮ ಕೂಗ್ತಿದ್ರು. ಎದಿಗೆ ಅವಚ್ಕೋ, ಬಿಸಿನೀರು ಕಾಸು ಅಂತ. ಹಟ್ಟಿ ಯಜಮಾನ್ರು ಬಂದ್ರು, ಕೂತ್ರು, ಮಾತಾಡಿದ್ರು. ಮಧ್ಯಾನ ಆತು. ಅವ್ರ ಮಾತು ಮುಗಿಯೋದ್ರಾಗೆ ಇದು ಮುಗೀತು."

"ಅತ್ತೆ ದಾಟಿ ಬರ್ಲಿಲ್ವಾ?"

"ಇಲ್ಲ."

ಕೂಸನ್ನು ನನ್ನ ಮಡಿಲಿಗೆ ಹಾಕಿದಳು. ಇಂಥ ಹೆಂಗಸು ಇಟ್ಟ ಮುದ್ದೆ ತಿನ್ನುತ್ತಿದ್ದೇನೆ.

9 ಅಕ್ಟೋಬರ್

ಪಾಲಮ್ಮಕ್ಕ ನಿನ್ನೆ ಮಿಂದು ಒಳಗೆ ಹೋದಳು. ಹೋಗುವ ಮುಂಚೆ ಕೂಸಿನ ಪಾದಕ್ಕೆ ಮುತ್ತಿಟ್ಟಳು. ಈಗ ಗುಡ್ಲು ಮೊದಲಿಗಿಂತ ಸಣ್ಣದಾಗಿದೆ.

12 ಅಕ್ಟೋಬರ್

ಮಜ್ಜಿಗೆ ಬಿಸಿಲಿಗೆ ಹುಳಿಯಾಗುತ್ತದಂತೆ. ಅದಕ್ಕೆ ಕಲ್ಲು ಈಗ ಗುಡ್ಲಿನ ಪಕ್ಕದ ಹೊಂಗೆಮರದ ನೆರಳಿಗೆ ಬಂದಿದೆ. ಈ ಕಲ್ಲಿಗೂ ನನ್ನ ಅತ್ತೆಗೂ ಏನು ಹಗೆತನವೋ, ಒಂದು ಕಡೆ ನೆಮ್ಮದಿಯಾಗಿ ಇರಲು ಬಿಡುವುದಿಲ್ಲ.

ಇವತ್ತು ತಡೆಯಲಾಗದೆ ಕೇಳಿಬಿಟ್ಟೆ. "ಅತ್ತೆ, ಪಾಲಮ್ಮಕ್ಕನ ಕೂಸು ಸಾಯೋವಾಗ ನೀವು ಇಲ್ಲೇ ನಿಂತಿದ್ರಂತೆ."

ಅವರು ಮಜ್ಜಿಗೆ ಚೊಂಬು ಇಡುತ್ತಿದ್ದರು. ಇಟ್ಟರು. ಅದರ ಬಾಯಿಗೆ ತಟ್ಟೆ ಮುಚ್ಚಿದರು. ತಟ್ಟೆ ಸರಿಯಾಗಿಯೇ ಇತ್ತು, ಮತ್ತೊಮ್ಮೆ ತೆಗೆದು ಮುಚ್ಚಿದರು. ಅವರ ಗದ್ದದ ಮೇಲಿನ ಹಸಿರು ಹಚ್ಚೆ ನಡುಗಿತು. ಮೂರು ಚುಕ್ಕೆಯ ಹಚ್ಚೆ ಅದು, ಇಷ್ಟು ದಿನ ನಾನು ಒಂದೇ ಅಂದುಕೊಂಡಿದ್ದೆ.

"ಇಲ್ಲಲ್ಲ," ಎಂದರು. "ಅಲ್ಲಿ." ಕೈ ತೋರಿಸಿದ್ದು ದೂರದ ಬೇಲಿಯ ಕಡೆಗೆ. ಆಮೇಲೆ ಹೊರಟುಹೋದರು.

ಅಲ್ಲಿಯಾದರೇನು, ಇಲ್ಲಿಯಾದರೇನು. ಸತ್ತ ಕೂಸಿಗೆ ಏನು ವ್ಯತ್ಯಾಸ? ಅವರ ಎದೆಯೂ ಆ ಕಲ್ಲಿನಂಥದ್ದೇ.

16 ಅಕ್ಟೋಬರ್

ನನಗೆ ಜ್ವರ. ಕೂಸಿಗೆ ನೆಗಡಿ. ಮಳೆ ಮತ್ತೆ ಹಿಡಿದಿದೆ.

17 ಅಕ್ಟೋಬರ್

ಸಂಜೆ ಊಟ ತರಲು ಹೋದೆ, ಹನ್ನೊಂದು ಹೆಜ್ಜೆಗೇ ಕಲ್ಲು ಸಿಕ್ಕಿತು. ನಲವತ್ತು ಇರಬೇಕಿತ್ತು. ಜ್ವರದಲ್ಲಿ ಲೆಕ್ಕ ತಪ್ಪಿರಬೇಕು.

ಕೂಸು ಹಾಲು ಸರಿಯಾಗಿ ಎಳೆಯುತ್ತಿಲ್ಲ. ಬೆನ್ನಿಗೆ ಕಿವಿ ಇಟ್ಟೆ. ಇಡಬಾರದಿತ್ತು. ಗೊರ ಗೊರ ಅನ್ನುತ್ತಿದೆ.

ಅತ್ತೆಗೆ ಹೇಳಿದೆ. "ಆ..." ಎಂದು ಬಾಯಿ ತೆರೆದವರು ಮುಚ್ಚಲೇ ಇಲ್ಲ. ಓಡಿದರು. ಮಂಡಿ ನೋವಿನವರು ಓಡಿದ್ದನ್ನು ಇವತ್ತು ನೋಡಿದೆ. ಯಜಮಾನರ ಮನೆಗೆ ಹೋಗಿರಬೇಕು. ಯಜಮಾನರು ಬರುತ್ತಾರೆ, ಕೂರುತ್ತಾರೆ, ಮಾತಾಡುತ್ತಾರೆ.

18 ಅಕ್ಟೋಬರ್, ಬೆಳಿಗ್ಗೆ

ಬರೆಯದಿದ್ದರೆ ಕಿರುಚಿಬಿಡುತ್ತೇನೆ, ಅದಕ್ಕೆ ಬರೆಯುತ್ತೇನೆ.

ರಾತ್ರಿ ಯಾರೂ ಬರಲಿಲ್ಲ. ಬೆಳಗಾದ ಮೇಲೆ ಗೋಣಿತಾಟು ಸರಿಸಿದೆ. ಊಟದ ಕಲ್ಲು ಹೊಸ್ತಿಲಿಗೆ ಅಂಟಿಕೊಂಡಿತ್ತು. ಜ್ವರಕ್ಕೆ ಕಣ್ಣಿಗೆ ಹಾಗೆ ಕಂಡಿತೋ ಅಂತ ಕೈಯಿಂದ ಮುಟ್ಟಿ ನೋಡಿದೆ. ಕಲ್ಲೇ. ಅದರ ಆಚೆ ಅತ್ತೆ ಕಂಬಳಿ ಹೊದ್ದು ಕೂತಿದ್ದರು, ಕೈಯಲ್ಲಿ ಗಂಜಲದ ಚೊಂಬು. ಯಜಮಾನರೂ ಇಲ್ಲ, ಯಾರೂ ಇಲ್ಲ.

"ಕೂಸನ್ನ ಕಲ್ಲಿನ ಮ್ಯಾಲೆ ಮಲಗ್ಸು" ಎಂದರು.

"ಅತ್ತೆ?"

"ಮಲಗ್ಸೇ ಅಂದ್ರೆ!"

ಮಲಗಿಸಿದೆ. ಕಲ್ಲು ತಣ್ಣಗಿತ್ತು, ಕೂಸು ಅಳಲೂ ಇಲ್ಲ. ಅತ್ತೆ ಬೆರಳದ್ದಿ ಅದರ ನೆತ್ತಿಗೆ, ಹೊಟ್ಟೆಗೆ, ಪಾದಕ್ಕೆ ಗಂಜಲ ಚಿಮುಕಿಸಿದರು, ದಿನಾ ನನ್ನ ತಟ್ಟೆಗೆ ಮಾಡುವ ಹಾಗೆ. ಆಮೇಲೆ ಎತ್ತಿಕೊಂಡು ಕಂಬಳಿಯೊಳಗೆ, ಬರೀ ಮೈಗೆ ಅಂಟಿಸಿಕೊಂಡರು. ಕೂಸಿನ ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಅದನ್ನೂ ಒಳಗೆ ಸೇರಿಸಿದರು. "ತಳಕಿನ ಡಾಕ್ಟ್ರ ತಾವ ಹೋಗ್ತೀನಿ. ಬಸ್ಸು ಸಿಕ್ರೆ ಬಸ್ಸು, ಇಲ್ದಿದ್ರೆ ನಡ್ಕಂಡು. ನೀನು ಎದ್ದೇಳ್ಬ್ಯಾಡ" ಎಂದು ಹೊರಟರು.

ಬೇಲಿಯ ಹತ್ತಿರ ಕಾಟಮ್ಮಜ್ಜಿ ನಿಂತು ನೋಡುತ್ತಿತ್ತು. ಅದರ ಕೈಯಲ್ಲಿದ್ದ ಪೊರಕೆ ಕೆಳಗೆ ಬಿತ್ತು.

ಮಧ್ಯಾಹ್ನ

ಹಾಲು ತಾನಾಗಿ ಸೋರುತ್ತಿದೆ. ಕುಪ್ಪಸವೆಲ್ಲ ಒದ್ದೆ. ಎದ್ದು ಹೋಗೋಣವೆಂದು ಎರಡು ಸಲ ನೋಡಿದೆ, ಹೊಂಗೆಮರ ತಿರುಗಿತು, ಕೂತೆ. ಪಾಲಮ್ಮಕ್ಕನೂ ಹೀಗೇ ಕೂತಿದ್ದಳು.

ದೇವರೇ, ಬೇಲಿಗೆ ಯಾವ ಮುಳ್ಳಾದರೂ ನೀನು ಏನೂ ಅನ್ನಲಿಲ್ಲ. ಇದಕ್ಕೂ ಏನೂ ಅನ್ನಬೇಡ.

ಸಂಜೆ

ಬಂದರು. ಸೂಜಿ ಚುಚ್ಚಿದ್ದಾರೆ. ಮೂರು ಥರ ಔಷಧಿ. ಅತ್ತೆ ಕೂಸನ್ನು ಕಲ್ಲಿನ ಮೇಲೆ ಮಲಗಿಸಿದರು, ನಾನು ಎತ್ತಿಕೊಂಡೆ. ಹಾಲು ಎಳೆಯಿತು. ಕಚ್ಚಿ ಎಳೆಯಿತು.

ನನಗೂ ಒಂದು ಜ್ವರದ ಮಾತ್ರೆ ತಂದಿದ್ದರು. ಜೊತೆಗೆ ಒಂದು ಕಂಬಳಿ.

19 ಅಕ್ಟೋಬರ್

ವಿಜಯದಶಮಿ. ಗಂಡಸರೆಲ್ಲ ಹಟ್ಟಿಯಲ್ಲೇ ಇದ್ದರು, ಹಾಗಾಗಿ ಪಂಚಾಯ್ತಿಗೆ ಯಾರನ್ನೂ ಕರೆಯಬೇಕಾಗಲಿಲ್ಲ. ಬೇಲಿಯ ಬಾಯಲ್ಲಿ ಸೇರಿದರು. ನಾನು ಗೋಣಿತಾಟಿನ ಸಂದಿಯಲ್ಲಿ ಕೂತು ಎಲ್ಲಾ ಕೇಳಿಸಿಕೊಂಡೆ. ಕಾಟಮ್ಮಜ್ಜಿಯ ಗಂಟಲು ತಳಕಿಗೂ ಕೇಳಿಸುತ್ತದೆ.

"ಈ ಯರ್ರಮ್ಮ ಬಾಣಂತಿ ಕೂಸನ್ನ ಎದಿಗವಚ್ಕಂಡು ಹೋದ್ಲು. ಬಂದು ಹಟ್ಟಿ ಒಳಗೇ ಮಲಗಿದ್ಲು. ನನ್ನ ಎಂಬತ್ತು ವರ್ಷದಾಗೆ ಇಂಥದ್ದು ಕಂಡಿಲ್ಲ, ಕೇಳಿಲ್ಲ!"

ಯಜಮಾನ ಕ್ಯಾತಪ್ಪನವರು ಮೆಲ್ಲಗೆ ಮಾತಾಡುವವರು. "ಏನಮ್ಮಾ ಯರ್ರಮ್ಮ, ಕಲ್ಲು ದಾಟಿದ್ಯಾ?"

"ದಾಟಿಲ್ರಿ."

"ದಾಟ್ದೆ ಕೂಸು ಹೆಂಗೆ ಸಿಕ್ತು?"

"ಕಲ್ಲಿನ ಮ್ಯಾಲಿತ್ತು. ಗಂಜಲ ಹಾಕಿ ತಗಂಡೆ. ದಿನಾ ತಟ್ಟೆ ತಗಣಲ್ವಾ, ಹಂಗೆ."

"ತಟ್ಟೆ ಬ್ಯಾರೆ, ಕೂಸು ಬ್ಯಾರೆ" ಎಂದಿತು ಕಾಟಮ್ಮಜ್ಜಿ.

"ಹೂಂ, ಬ್ಯಾರೆ." ಅತ್ತೆಯ ದನಿ ಅಲ್ಲಿಯವರೆಗೆ ನೆಟ್ಟಗಿತ್ತು, ಈಗ ಒಡೆಯಿತು. "ಕಲ್ಲಿನ ಮ್ಯಾಲೆ ಗಂಜಲ ಬಿದ್ರೆ ತಟ್ಟೆ ಶುದ್ಧ ಅಂತೀರಿ. ನಮ್ಮ ಹಟ್ಟಿ ಕೂಸು ತಟ್ಟೆಗಿಂತ ಕಡೇನಾ ಯಜಮಾನ್ರೇ? ಕಡೆ ಅನ್ನಂಗಿದ್ರೆ ಹೇಳ್ರಿ. ಈಗ್ಲೇ ಹೊರಗೆ ಹೋಗ್ತೀನಿ, ತಿರುಗಿ ಬರಲ್ಲ. ಒಂದು ಸಲ ನಲವತ್ತು ಹೆಜ್ಜೆ ಆಚೆ ನಿಂತು ನೋಡಿದೀನಿ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

ಹೆಂಗಸರ ಗುಂಪಿನಲ್ಲಿ ಯಾರೋ ಬಿಕ್ಕಿದರು. ಪಾಲಮ್ಮಕ್ಕನೇ ಇರಬೇಕು.

ಯಜಮಾನರು ಕೋಲೂರಿಕೊಂಡು ಕಲ್ಲು ನೋಡಲು ಬಂದರು. ಮೊದಲು ಹಳೆಯ ಜಾಗಕ್ಕೆ ಹೋದರು. ಅಲ್ಲಿ ನೆಲ ಬರಿದಾಗಿತ್ತು. ಸುತ್ತ ನೋಡಿದರು. ಕಲ್ಲು ಎಳೆದ ಗುರುತು ಕೆಸರಿನಲ್ಲಿ ಅಲ್ಲಲ್ಲಿ ಇನ್ನೂ ಇತ್ತು. ಆ ಗುರುತನ್ನು ಹಿಡಿದು ಒಂದೊಂದೇ ಹೆಜ್ಜೆ ಬಂದು, ನನ್ನ ಹೊಸ್ತಿಲ ಮುಂದೆ ನಿಂತರು. ಬಾಣಂತಿಯ ಗುಡ್ಲಿಗೆ ಇಷ್ಟು ಹತ್ತಿರ ಯಾವ ಗಂಡಸೂ ಬಂದದ್ದನ್ನು ನಾನು ಕೇಳಿಲ್ಲ. ಆದರೆ ಅವರೂ ಕಲ್ಲು ದಾಟಿರಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡೆ, ಅದು ಎಚ್ಚರಗೊಂಡು ಸೀನಿತು.

"ಎಷ್ಟು ದಿನ ಇದಕ್ಕೆ?" ಎಂದು ಕೇಳಿದರು.

"ನಲವತ್ತೊಂದು."

"ಆ ಹುಡುಗಂಗೆ ಮೂವತ್ತಾಗಿತ್ತು" ಎಂದರು. ಸ್ವಲ್ಪ ಹೊತ್ತು ಕೂಸನ್ನೇ ನೋಡಿದರು. ಆಮೇಲೆ ಬೇಲಿಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು, "ಕಲ್ಲು ದಾಟಿಲ್ಲ. ಕಲ್ಲಿನ ಮ್ಯಾಲಿದ್ದಿದ್ದು ಶುದ್ಧ. ಏಳ್ರಿ, ಹಬ್ಬ ಮಾಡ್ರಿ."

ಕಲ್ಲು ಇಲ್ಲಿಗೆ ಯಾಕೆ ಬಂತೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಅತ್ತೆ ಇರುವೆ, ಕೆಸರು, ಮಜ್ಜಿಗೆ ಎಲ್ಲಾ ಹೇಳುತ್ತಿದ್ದರೋ ಏನೋ. ಬೀಸೋ ದೊಣ್ಣೆ ತಪ್ಪಿತು.

ಮಧ್ಯಾಹ್ನ ಅತ್ತೆ ಹೋಳಿಗೆ ತಂದರು. ಕಲ್ಲಿನ ಆಚೆ ಅವರು, ಈಚೆ ನಾನು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. "ತುಪ್ಪ ಸಾಕಾ?" ಎಂದರು. ಸಾಕು ಅಂದೆ. ಇನ್ನೂ ಹಾಕಿದರು.

8 ನವೆಂಬರ್

ತಲೆಗೆ ನೀರು ಹಾಕಿಕೊಂಡು, ಕೂಸನ್ನು ಎತ್ತಿಕೊಂಡು, ಬೇಲಿ ದಾಟಿದೆ. ಕೂಸಿಗೆ ಎಚ್ಚರವಿತ್ತು. ಇವರು ಮಿಲ್ಲಿಗೆ ರಜೆ ಹಾಕಿ ಬಂದು ಅದನ್ನು ಎತ್ತಿಕೊಂಡು ಮತ್ತೆ "ನಮ್ಮವ್ವನಂಗೈತೆ" ಎಂದರು. ಹತ್ತಿರದಿಂದ ನೋಡಿದರೆ ಹೌದು, ಅತ್ತೆಯದೇ ಮೂಗು.

ತಿರುಗಿ ನೋಡಿದೆ. ಗುಡ್ಲು ಅಲ್ಲೇ ಇದೆ.

4 ಸೆಪ್ಟೆಂಬರ್ 2002

ಈ ನೋಟ್ಸು ಇವತ್ತು ಮಾಲಾಳ ಕೈಗೆ ಸಿಕ್ಕಿ ಎರಡು ಹಾಳೆ ಹರಿದುಹೋಯಿತು. ಬರುವ ವಾರಕ್ಕೆ ಅವಳಿಗೆ ಮೂರು ತುಂಬುತ್ತದೆ. ಕೋಪ ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ ಇದೆ. ಉಳಿದ ಹಾಳೆಯಲ್ಲಿ ಇವತ್ತಿನದು ಬರೆದಿಡೋಣ ಅನ್ನಿಸಿತು.

ಕಾಟಮ್ಮಜ್ಜಿಯ ಮೊಮ್ಮಗನ ಹೆಂಡತಿ ರೂಪ ಹೆತ್ತು ಹತ್ತು ದಿನ. ಅವಳ ಅತ್ತೆ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುವುದಿದೆಯೆಂದು ಶಾಸ್ತ್ರವನ್ನು ಒಂದು ದಿನ ಮುಂದಕ್ಕೆ ಹಾಕಿದ್ದಳು. ಬೆಳಿಗ್ಗೆ ಕಾಟಮ್ಮಜ್ಜಿ ಬೇಲಿಯ ಬಾಯಲ್ಲಿ ನಿಂತು ಹಟ್ಟಿಯೇ ಹಾರಿಹೋಗುವಂತೆ ಕೂಗಿತು.

"ಒಂಬತ್ತನೇ ದಿನ ಕೂಸನ್ನ ಕಲ್ಲಿನ ಮ್ಯಾಲೆ ಹಾಕಿ, ಗಂಜಲ ಚಿಮುಕ್ಸಿ, ಅಜ್ಜಿ ಒಳಗೆ ಎತ್ಕಂಡ್ ಬರ್ಬೇಕು! ನಮ್ಮ ಮುತ್ತಜ್ಜಿ ಕಾಲದಿಂದ ನಡ್ಕಂಡ್ ಬಂದಿದ್ದು. ಹಿರಿಯರ ಪದ್ಧತಿ ಬಿಟ್ರೆ ದೇವ್ರು ಸುಮ್ಕಿರ್ತಾನಾ?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಅಲಸಂದೆಕಾಯಿ ಬಿಡಿಸುತ್ತಿದ್ದರು.

ನನ್ನದಾದ ಮುಂದಿನ ವರ್ಷ ಇನ್ನೊಬ್ಬರ ಕೂಸಿಗೆ ಕೆಮ್ಮು ಬಂದು ಹಾಗೇ ಕಲ್ಲಿನ ಮೇಲಿಂದ ಎತ್ತಿಕೊಂಡರು. ಅದರ ಮುಂದಿನದಕ್ಕೆ ಕೆಮ್ಮು ಇರಲಿಲ್ಲ, ಬರುವುದಕ್ಕೆ ಮೊದಲೇ ಇರಲಿ ಅಂತ ಎತ್ತಿಕೊಂಡರು. ಒಂಬತ್ತನೇ ದಿನ ಅಂತ ಯಾರು ಗೊತ್ತು ಮಾಡಿದರೋ ನನಗೆ ತಿಳಿಯದು. ಈಗ ಕೂಸು ಅಜ್ಜಿಯ ಹತ್ತಿರ ಬೆಚ್ಚಗೆ ಒಳಗಿರುತ್ತದೆ, ಹಾಲಿನ ಹೊತ್ತಿಗೆ ಮಾತ್ರ ಕಲ್ಲಿನ ಮೇಲೆ ತಂದು ಮಲಗಿಸುತ್ತಾರೆ. ಕಲ್ಲು ಹೊಸ್ತಿಲಲ್ಲೇ ಇದೆ. ಮೊನ್ನೆ ಮದುವೆಯಾಗಿ ಬಂದ ಹುಡುಗಿಯರಿಗೆ ಅದು ಇನ್ನೆಲ್ಲೋ ಇತ್ತು ಅಂದರೆ ನಂಬುವುದಿಲ್ಲ.

"ಅತ್ತೆ, ಈ ಶಾಸ್ತ್ರ ಯಾವಾಗಿಂದ ಐತೆ?" ಎಂದು ಮೆಲ್ಲಗೆ ಕೆಣಕಿದೆ.

"ನಂಗೇನ್ ಗೊತ್ತು? ಕಾಟಮ್ಮಜ್ಜಿ ಹೇಳ್ತು ಅಂದ್ರೆ ಮೊದ್ಲಿಂದ್ಲೂ ಇರ್ಬೇಕು" ಎಂದರು. ಅಲಸಂದೆಕಾಯಿಯಿಂದ ಕಣ್ಣೆತ್ತಲಿಲ್ಲ.

ಮಧ್ಯಾಹ್ನ ರೂಪಳಿಗೆ ಸಾರು ಕೊಡಲು ಹೋಗಿದ್ದೆ. ಕೂಸನ್ನು ಒಳಗೆ ಒಯ್ದಾಗಿತ್ತು. ಗೋಣಿತಾಟು ಸರಿಸಿಕೊಂಡು ಒಬ್ಬಳೇ ಕೂತಿದ್ದಳು. ಹತ್ತೊಂಬತ್ತು ವರ್ಷದ ಹುಡುಗಿ. ನನ್ನನ್ನು ನೋಡಿ ನಕ್ಕಳು, ಕಣ್ಣು ಮಾತ್ರ ಊದಿಕೊಂಡಿತ್ತು.

"ಅಕ್ಕಾ, ಈ ಕಲ್ಲಿನ ಮ್ಯಾಲೆ ನಾನೂ ಕೂತ್ಕಂಡ್ರೆ ಆಗಲ್ವಾ? ನಂಗೂ ಒಂಚೂರು ಗಂಜಲ ಹಾಕಿ ಎತ್ಕಂಡ್ ಹೋಗ್ಬಿಡ್ರಿ."

ನಾನೂ ನಕ್ಕೆ. ಹಟ್ಟಿಗೆ ವಾಪಸ್ಸು ಬರುವಷ್ಟರಲ್ಲಿ ನಗು ನಿಂತುಹೋಗಿತ್ತು. ಅವಳಿಗೆ ಇನ್ನೂ ಐವತ್ತು ದಿನ ಇದೆ. ಆ ಗೋಡೆಗಳ ಅಗಲ ನನ್ನ ಬೆನ್ನಿಗೆ ಇನ್ನೂ ಗೊತ್ತು. ಅವಳು ಹೇಳಿದ್ದನ್ನು ಅತ್ತೆಗೆ ಹೇಳಿದೆ. ಅವರು ನಗಲಿಲ್ಲ. ಬಿಡಿಸಿದ ಕಾಳನ್ನು ಮೊರದಲ್ಲಿ ಹರಡಿದರು.

ಮೊರ ಕೆಳಗಿಟ್ಟು, "ಗುಡ್ಲಿನ ಗಳಕ್ಕೆ ಗೆದ್ದಲು ಹತ್ತಿದಂಗೈತೆ" ಎಂದರು. "ನಿನ್ನ ಕಣ್ಣು ಚೆನ್ನಾಗೈತೆ, ಹೋಗಿ ನೋಡ್ಕಂಡ್ ಬಾ."

ಹೋದೆ. ಒಂದು ಕೋಲು ತೆಗೆದುಕೊಂಡು ನಾಲ್ಕೂ ಮೂಲೆಯ ಗಳಗಳನ್ನು ಹೊರಗಿನಿಂದಲೇ ತಟ್ಟಿದೆ, ಬುಡ ಕೆರೆದು ನೋಡಿದೆ. ಒಂದು ಹುಳವಿಲ್ಲ. ಇನ್ನೂ ಹತ್ತು ವರ್ಷ ಅಲ್ಲಾಡದ ಹಾಗೆ ಗಟ್ಟಿಯಾಗಿವೆ. ಬೇಲಿಯ ಹತ್ತಿರ ಕಾಟಮ್ಮಜ್ಜಿ ನಿಂತಿತ್ತು. ಏನು ನೋಡುತ್ತಿದ್ದೀ ಅಂತ ಕೇಳಿತು.

"ಪೂರಾ ಗೆದ್ದಲು ಹತ್ತೈತೆ ಅಜ್ಜಿ, ಬಿದ್ರೆ ರೂಪನ ಮ್ಯಾಲೇ ಬೀಳ್ತೈತೆ" ಎಂದೆ.

ಮನೆಗೆ ಬಂದು ಅತ್ತೆಗೂ ಅದನ್ನೇ ಹೇಳಿದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು.

"ಹಂಗಾದ್ರೆ ಬ್ಯಾರೆ ಕಟ್ಟಿಸ್ಬೇಕು, ಯಜಮಾನ್ರಿಗೆ ಹೇಳ್ತೀನಿ. ಈ ಸಲ ಬೇಲಿಗೆ ಒಂಚೂರು ಹತ್ರ ಇರ್ಲಿ. ನನ್ನ ಮಂಡಿ ನೋವು ನಿಂಗೊತ್ತಲ್ಲ."